ಅಕ್ಕನಿಗೆ ಗುರುತಿದ್ದ ಸೈಲೆನ್ಸರ್

ಬೈಕಿನ ಸೈಲೆನ್ಸರ್ ಕೊಟ್ಟೂರು ರಸ್ತೆಯಲ್ಲಿ ಕಳಚಿ ಬಿದ್ದಾಗ ನನ್ನನ್ನು ಹಿಡಿದುಕೊಂಡದ್ದು ಬೈಕಿನ ಚಿಂತೆಯಲ್ಲ, ಅಕ್ಕನ ಚಿಂತೆ. ಚಿಂತೆ ನನಗೆ ಹೊಸದಲ್ಲ. ಮನೆಗೆ ಬೀಗ ಹಾಕಿ ಬಸ್‌ಸ್ಟ್ಯಾಂಡ್ ತನಕ ಹೋಗಿ, ಹಾಕಿದೆನೋ ಇಲ್ಲವೋ ಎಂದು ತಿರುಗಿ ಬಂದು ಬೀಗ ಜಗ್ಗಿ ನೋಡುವವರ ಪೈಕಿ ನಾನು. ಆದರೆ ಈ ಸಲದ ಚಿಂತೆಗೆ ಕಾರಣವಿತ್ತು.

ಕೊಟ್ಟೂರಿನಲ್ಲಿರುವ ಅಕ್ಕನಿಗೆ ಮರೆವಿನ ಕಾಯಿಲೆ. ನನ್ನನ್ನು ಎತ್ತಿ ಆಡಿಸಿದವಳು. ಈಗ ನನ್ನ ಮುಖವಾಗಲಿ ದನಿಯಾಗಲಿ ಅವಳಿಗೆ ಗುರುತು ಹತ್ತುವುದಿಲ್ಲ. ಉಳಿದಿದ್ದು ಬೈಕಿನ ಸಪ್ಪಳವೊಂದೇ. ಪ್ರತಿ ಭಾನುವಾರ ಹಗರಿಬೊಮ್ಮನಹಳ್ಳಿಯಿಂದ ಹೋಗಿ ಅವಳ ಓಣಿಗೆ ತಿರುಗುತ್ತಿದ್ದಂತೆ ಒಳಗಿನಿಂದಲೇ ಕೂಗುತ್ತಿದ್ದಳು: "ಬಂದ್ಯಾ ಲೇ?" ಆ 'ಲೇ' ಕೇಳಿಸಿಕೊಳ್ಳಲಿಕ್ಕೇ ನಾನು ಹೋಗುತ್ತಿದ್ದೆ. ನಮ್ಮ ಕಡೆ ತಲೆ ನರೆತ ಗಂಡಸಿಗೆ ಎಲ್ಲರೂ 'ರಿ' ಹಚ್ಚಿ ಮಾತಾಡುತ್ತಾರೆ. ನನಗೆ 'ಲೇ' ಅನ್ನುವವರು ಅವಳೊಬ್ಬಳೇ ಉಳಿದಿದ್ದಳು.

ಬಿದ್ದ ಸೈಲೆನ್ಸರನ್ನು ಗೋಣಿಚೀಲದಲ್ಲಿ ಸುತ್ತಿ ಮೆಕ್ಯಾನಿಕ್ ಹತ್ತಿರ ಒಯ್ದೆ. ತಿರುಗಿಸಿ ನೋಡಿದ. ತುಕ್ಕು ಉದುರಿತು.

"ಇದಕ್ಕ ಇನ್ನೊಮ್ಮಿ ವೆಲ್ಡಿಂಗ್ ಹಚ್ಚಕ್ಕಾಗಲ್ಲೇನು?"

"ಎಲ್ಲಿಗೆ ಹಚ್ಚಲಿ ಸರ? ಹಳೇ ವೆಲ್ಡಿಂಗಷ್ಟ ಉಳದೈತಿ. ಸೈಲೆನ್ಸರ್ ಯಾವಾಗೋ ಹೋಗೈತಿ."

ಕಂಪನಿಯವರು ಆ ಮಾಡೆಲ್ ನಿಲ್ಲಿಸಿ ಕಾಲವಾಗಿತ್ತು. ಹೊರಗಿನ ಮಾಲೇ ಗತಿ. ಅವನು ಹಾಕಿ ನೋಡಿದ ಮೊದಲನೆಯದು ಎಂಜಿನ್ನಿನ ಬಾಯಿಗೆ ಕೂಡಲಿಲ್ಲ. ಇನ್ನೊಂದು ಕೂತಿತು, ಆದರೆ ಸ್ಟ್ಯಾಂಡ್ ಎತ್ತಿದರೆ ಅದಕ್ಕೇ ಬಡಿಯುತ್ತಿತ್ತು. ಮತ್ತೊಂದು ಕಾಲೇಜು ಹುಡುಗರು ಹಾಕಿಸಿಕೊಳ್ಳುವಂಥದು. ಸ್ಟಾರ್ಟ್ ಮಾಡಿದರೆ ಎದುರಿನ ಅಂಗಡಿಯ ಅಜ್ಜ ಎದೆ ಹಿಡಿದುಕೊಂಡ. ಪೊಲೀಸರು ಅದನ್ನು ಕಿತ್ತು, ನನ್ನನ್ನು ಪಕ್ಕದಲ್ಲಿ ನಿಲ್ಲಿಸಿ ಫೋಟೊ ತೆಗೆಯುವುದು ಆಗಲೇ ನನ್ನ ಕಣ್ಣಿಗೆ ಕಟ್ಟಿತು.

"ನಿಮಗ ಎಂಥ ಸೌಂಡ್ ಬೇಕ್ರಿ ಸರ?"

"ಮೊದಲಿನಂಥದು."

"ಮೊದಲಿಂದು ಹೆಂಗಿತ್ತು?"

ಮಾತಿನಲ್ಲಿ ಹೇಳಲು ಬರಲಿಲ್ಲ. ಬಾಯಿಂದ ಮಾಡಿ ತೋರಿಸಿದೆ: "ಗುಡು ಗುಡು ಗುಡು... ಟಪ್. ಗುಡು ಗುಡು... ಟಪ್."

"ಇನ್ನೊಮ್ಮಿ ಮಾಡ್ರಿ ಸರ, ಮೊಬೈಲ್‌ನ್ಯಾಗ ಹಿಡಕೋತೀನಿ" ಎಂದು ನಕ್ಕ. ನನ್ನ ಮುಖ ನೋಡಿ ನಗು ನಿಲ್ಲಿಸಿದ. "ಆ ಟಪ್ ಅನ್ನೋದು ತೂತಿನ ಸಪ್ಪಳ್ರಿ. ಹೊಸಾದಕ್ಕ ಅದನ್ನ ಎಲ್ಲಿಂದ ತರ್ಲಿ?"

"ತೂತು ಹೊಡದ್ರ?"

"ಹೊಡೀತೀನಿ. ಆದ್ರ ಯಾರರ ಕೇಳಿದ್ರ ನನ್ನ ಹೆಸರ ಹೇಳಬ್ಯಾಡ್ರಿ."

ಸ್ಟ್ಯಾಂಡಿಗೆ ಬಡಿಯುತ್ತಿದ್ದುದನ್ನೇ ಪಟ್ಟಿ ಬೆಸೆದು ಹೊರಗೆ ಸರಿಸಿ, ತೂತು ಹೊಡೆದು ಕೂರಿಸಿದ. ಟಪ್ ಬರಲಿಲ್ಲ. ಸುಯ್ ಅಂದಿತು. "ಓಡಿಸಿದಂಗ ಸೆಟ್ ಆಗತೈತಿ ಬಿಡ್ರಿ" ಎಂದ. ಯಾರನ್ನೂ ನಂಬದ ನಾನು ಅದನ್ನು ನಂಬಿದೆ.

ಭಾನುವಾರ ಓಣಿಗೆ ತಿರುಗಿದೆ. ಒಳಗಿನಿಂದ ಕೂಗು ಬರಲಿಲ್ಲ. ಕೇಳಿಸಲಿಲ್ಲವೇನೋ ಎಂದು ಹಿಂದಕ್ಕೆ ಹೋಗಿ ಮತ್ತೆ ತಿರುಗಿ ಬಂದೆ. "ಏನರ ಕಳಕೊಂಡೀರೇನ್ರಿ?" ಎದುರುಮನೆಯಾಕೆ ಕೇಳಿದಳು. "ಏನಿಲ್ಲ" ಎಂದೆ.

ಅಕ್ಕ ಬಾಗಿಲಿಗೆ ಬಂದಳು. ನನ್ನನ್ನು ನೋಡಿ ಸೆರಗು ಸರಿ ಮಾಡಿಕೊಂಡಳು.

"ಬರ್ರಿ. ಯಾರು ಬೇಕಾಗಿತ್ರಿ?"

"ಅಕ್ಕ, ನಾನು."

"ಹೌದ್ರಿ? ಕುಂದರ್ರಿ. ಇವತ್ತು ಐತವಾರ, ನನ್ನ ತಮ್ಮ ಇನ್ನೇನ ಬರ್ತಾನ. ಭೆಟ್ಟಿ ಮಾಡಿಸ್ತೀನಿ."

ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತೆ. ಅಕ್ಕನ ಸೊಸೆ ಚಹಾ ಕೊಟ್ಟು, ಕಣ್ಣು ತಪ್ಪಿಸಿ ಒಳಗೆ ಹೋದಳು. ಅಕ್ಕ ನನಗೆ ನನ್ನ ಬಗ್ಗೆ ಹೇಳತೊಡಗಿದಳು: ತಮ್ಮ ಭಾಳ ಅಂಜುಬುರುಕನಂತೆ, ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲವಂತೆ. "ಅವ ಬಂದ್ರ ಸಪ್ಪಳಾನ ಹೇಳತೈತ್ರಿ" ಎಂದಳು.

ಲೋಟ ಕೆಳಗಿಟ್ಟೆ. ಸೊಸೆ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಬಾಯಿಂದಲೇ ಮಾಡಿದೆ. ಗುಡು ಗುಡು ಗುಡು... ಟಪ್.

ಅಕ್ಕನ ಮುಖ ಅರಳಿತು. ನನ್ನ ಕಡೆಗಲ್ಲ, ಬೀದಿಯ ಕಡೆಗೆ. ಗೋಡೆ ಹಿಡಿದು ಎದ್ದಳು. ನನ್ನ ಕಾಲು ಬಾಗಿಲಿಗೆ ಅಡ್ಡವಾಗಿತ್ತು.

"ಒಂಚೂರು ಸರೀರಿ, ನನ್ನ ತಮ್ಮ ಬಂದಾನ."

ಸರಿದು ದಾರಿ ಬಿಟ್ಟೆ. ಅವಳು ಹೊಸ್ತಿಲಲ್ಲಿ ನಿಂತು ಖಾಲಿ ಓಣಿಗೆ ಕೂಗಿದಳು: "ಬಂದ್ಯಾ ಲೇ?"

"ಬಂದೆ ಅಕ್ಕ" ಎಂದೆ, ಅವಳ ಬೆನ್ನ ಹಿಂದಿನಿಂದ. ಅವಳು ತಿರುಗಲಿಲ್ಲ.