ಮಾಟಗಾತಿಯ ಪೊರಕೆ

ಊರಿನ ಚಿತ್ರಕಾರರಿಗೆ ಮಾಟಗಾತಿ ಬೇಕಾದಾಗಲೆಲ್ಲ ನೆನಪಾಗುವುದು ಈ ಅಜ್ಜಿಯೇ. ಕೊಕ್ಕಿನಂಥ ಮೂಗು, ಗುಳಿಬಿದ್ದ ಕಣ್ಣು, ಗಲ್ಲದ ಮೇಲೊಂದು ನರಹುಲಿ; ದೇವರೇ ಅವಳನ್ನು ಈ ಕೆಲಸಕ್ಕೆಂದು ಕೂತು ತಿದ್ದಿದಂತಿದೆ. ಆದರೆ ಕೈಗೆ ಪೊರಕೆ ಕೊಟ್ಟು ಅಲ್ಲಾಡದೆ ನಿಲ್ಲು ಅಂದರೆ ನಿಲ್ಲುವ ಜನ್ಮವಲ್ಲ. “ಬರೀ ಹಿಡ್ಕೊಂಡು ನಿಲ್ಲೋಕೆ ಪೊರಕೆ ಯಾಕಪ್ಪಾ?” ಎಂದು ಮೂಲೆಯ ಕಸ ಗುಡಿಸಿಯೇ ಬಿಡುತ್ತಾಳೆ. ಹೆದರಿಸುವಂತೆ ನಗು ಅಂದರೆ ನಕ್ಕೂ ನಕ್ಕೂ ಕೆಮ್ಮು ಬರಿಸಿಕೊಳ್ಳುತ್ತಾಳೆ. ಕರಿಬೆಕ್ಕು ಅಡ್ಡ ಬಂದರೆ ಹತ್ತು ನಿಮಿಷ ಬಾಗಿಲಲ್ಲೇ ಠಿಕಾಣಿ. ಆ ಬೆಕ್ಕೋ, ಚಿತ್ರದಲ್ಲಿ ಅವಳ ತೊಡೆಯ ಮೇಲೆ ಕೂರಬೇಕಾದದ್ದು! ಮುಗಿದ ಚಿತ್ರವನ್ನಂತೂ ಕಣ್ಣೆತ್ತಿಯೂ ನೋಡಳು: “ನನ್ನ ದೃಷ್ಟಿ ನನಗೇ ತಾಗಿದ್ರೆ ತೆಗೆಯೋರು ಯಾರು?” ಅಂಥವಳು ಮೊನ್ನೆ ಒಬ್ಬ ಚಿತ್ರಕಾರನ ಮನೆಯಲ್ಲಿ ಗುಡಿಸುತ್ತ ಗುಡಿಸುತ್ತ, ಒಣಗಲು ಇಟ್ಟಿದ್ದ ದೊಡ್ಡ ಚಿತ್ರದ ಮುಂದೆ ನಿಂತುಬಿಟ್ಟಳು. ಕಗ್ಗತ್ತಲು, ನಡುವೆ ಬೆಂಕಿ, ಸುತ್ತ ಐವರು ಮಾಟಗಾತಿಯರು. ಐವರಿಗೂ ಅವಳದೇ ಮುಖ. ಇನ್ನು ತನ್ನ ಗ್ರಹಚಾರ ಬಿಡಿಸುತ್ತಾಳೆಂದು ಚಿತ್ರಕಾರ ಕುಂಚ ಕಚ್ಚಿಕೊಂಡು ಕಾದ. ಅಜ್ಜಿ ಬಹಳ ಹೊತ್ತು ನೋಡಿ ಮೆತ್ತಗೆ ಅಂದಳು: “ನಮ್ಮ ಬೀದೀಲಿ ಈ ಮುಖ ಕಂಡ್ರೆ ಬಾಗಿಲು ಹಾಕ್ಕೊಳ್ತಾರೆ ಕಣಪ್ಪಾ. ಇಲ್ಲಿ ನೋಡು, ಎಷ್ಟು ಒತ್ತೊತ್ತಾಗಿ ಕೂತಿದ್ದಾರೆ!”