ಸೌಭಾಗ್ಯ ತೆಗೆದ ಕುದುರೆತಲೆ

ಸುರಪುರದ ಬಸ್ ನಿಲ್ದಾಣದಿಂದ ಮೇಲಿನ ಓಣಿಗೆ ಹತ್ತುವ ದಾರಿಯಲ್ಲಿ ಬಾಲರಾಜನ ಫೋಟೊ ಸ್ಟುಡಿಯೊ ಇದೆ. ಮದುವೆಗಳಿಗೆ ಹೋಗಿ ಫೋಟೊ ಹೊಡೆಯುವವನು ಬಾಲರಾಜ. ಹಿಂದಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಅವನ್ನು ಆಲ್ಬಂ ಮಾಡುವವಳು ಅವನ ಹೆಂಡತಿ ಸೌಭಾಗ್ಯ. ಮದುಮಗಳ ಮೊಡವೆ, ಮದುಮಗನ ಅಂಗಿಯ ಮೇಲಿನ ಅರಿಶಿನದ ಕಲೆ, ಹಿಂದೆ ಬಾಯಿ ತೆರೆದು ನಿಂತ ಯಾರೋ ನೆಂಟ, ಇವನ್ನೆಲ್ಲ ಅಳಿಸುವುದು ಅವಳ ಕೆಲಸ. ಹನ್ನೆರಡು ವರ್ಷದಿಂದ ಅದನ್ನೇ ಮಾಡುತ್ತಿದ್ದಾಳೆ.

ಧನುರ್ಮಾಸದಲ್ಲಿ ಮದುವೆಗಳಿಲ್ಲ. ಒಂದು ತಿಂಗಳು ಕ್ಯಾಮೆರಾ ಕಪಾಟಿನಲ್ಲಿ ಕೂರುತ್ತದೆ. ಆರು ವರ್ಷದ ಹಿಂದೆ ಅಂಥದೊಂದು ತಿಂಗಳಲ್ಲಿ ಸೌಭಾಗ್ಯ ಎಳ್ಳಮಾಸಿಗೆಂದು, ಅಂದರೆ ಎಳ್ಳು ಅಮಾವಾಸ್ಯೆಗೆಂದು, ತವರಿಗೆ ಹೊರಟಾಗ, ಹೊಲದ ಊಟದ ಫೋಟೊ ತೆಗೆಯೋಣವೆಂದು ಕ್ಯಾಮೆರಾವನ್ನೂ ಚೀಲಕ್ಕೆ ಹಾಕಿಕೊಂಡಳು. ತವರು ಕಕ್ಕೇರಾದಿಂದ ಆಚೆ, ಬಿಳಿಕಲ್ಲ ದೊಡ್ಡಿ. ದೊಡ್ಡಿ ಎಂದರೆ ಹೊಲದ ನಡುವೆಯೇ ಕಟ್ಟಿಕೊಂಡ ಹನ್ನೊಂದು ಮನೆ, ಅಷ್ಟೇ ಕುರಿಹಟ್ಟಿಗಳು. ಅಲ್ಲಿ ಅವಳ ತಾಯಿ ಮಲಕಮ್ಮ, ಅಣ್ಣ ಅಂಬಣ್ಣ, ಅವನ ಹೆಂಡತಿ ಮಕ್ಕಳು ಇದ್ದಾರೆ. ಅಂಬಣ್ಣನಿಗೆ ನೂರಾ ಹತ್ತು ಕುರಿ.

ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ, ಸಜ್ಜೆ ಕಡುಬು, ಭರ್ತ, ಹೋಳಿಗೆ ಉಂಡು ಎಲ್ಲರೂ ಮಲಗಿದ ಮೇಲೆ ಅವಳಿಗೆ ನಿದ್ದೆ ಬರಲಿಲ್ಲ. ಕ್ಯಾಮೆರಾವನ್ನು ಒಂದು ಕಲ್ಲಿನ ಮೇಲೆ ಮೇಲ್ಮುಖವಾಗಿ ಇಟ್ಟು ಮೂವತ್ತು ಸೆಕೆಂಡು ತೆರೆದಿಟ್ಟಳು. ಯಾವ ಉದ್ದೇಶವೂ ಇರಲಿಲ್ಲ. ಹಾಗೆ ಹತ್ತು ಸಲ ಮಾಡಿ ಒಳಗೆ ಹೋಗಿ ಮಲಗಿದಳು.

ಸುರಪುರಕ್ಕೆ ಬಂದು ಕಂಪ್ಯೂಟರಿನಲ್ಲಿ ನೋಡಿದಾಗ, ಸಾಲಾಗಿ ನಿಂತ ಮೂರು ಚುಕ್ಕಿಗಳ ಕೆಳಗೆ ಮಸುಕಾದ ಗುಲಾಬಿ ಕಲೆಯೊಂದು ಕಂಡಿತು. ಲೆನ್ಸಿನ ಮೇಲೆ ಬೆರಳು ತಾಗಿರಬೇಕೆಂದು ರೂಢಿಯಂತೆ ಅದನ್ನು ಅಳಿಸಿದಳು. ಎರಡನೆಯ ಚಿತ್ರದಲ್ಲೂ ಕಲೆ ಇತ್ತು. ಹತ್ತನೆಯ ಚಿತ್ರದಲ್ಲಿ ಚುಕ್ಕಿಗಳು ಸರಿದಷ್ಟೇ ಅದೂ ಸರಿದಿತ್ತು. ಅವಳು ಅಳಿಸುವುದನ್ನು ನಿಲ್ಲಿಸಿದಳು. ಅದು ಅನಿಲ ಮತ್ತು ಧೂಳಿನ ದೊಡ್ಡ ಮೋಡ, ಅದರೊಳಗೆ ಹೊಸ ನಕ್ಷತ್ರಗಳು ಹುಟ್ಟುತ್ತವೆ, ಅದಕ್ಕೆ ನೀಹಾರಿಕೆ ಎನ್ನುತ್ತಾರೆ ಎಂದು ಮೊಬೈಲಿನಲ್ಲಿ ಹುಡುಕಿ ತಿಳಿದುಕೊಂಡಳು. ಅದೇ ಹುಡುಕಾಟದಲ್ಲಿ ಇನ್ನೊಂದೂ ಕಂಡಿತು. ಆ ಮೂರು ಚುಕ್ಕಿಗಳಲ್ಲಿ ಕೊನೆಯದರ ಪಕ್ಕದಲ್ಲೇ, ಕೆಂಪು ಬೆಳಕಿನ ಎದುರು ಕುದುರೆಯ ತಲೆಯ ಆಕಾರದ ಕಪ್ಪು ಮೋಡ. ಕಣ್ಣಿಗೆ ಕಾಣುವುದಿಲ್ಲ. ಕ್ಯಾಮೆರಾಕ್ಕೂ ಸುಲಭವಾಗಿ ಸಿಗುವುದಿಲ್ಲ. ಅದನ್ನು ತೆಗೆಯಬೇಕೆಂದು ಅವಳು ನಿಶ್ಚಯಿಸಿದಳು. ಯಾಕೆಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಕಷ್ಟ ಏನೆಂದರೆ, ಆಕಾಶ ನಿಲ್ಲುವುದಿಲ್ಲ. ಹೆಚ್ಚು ಹೊತ್ತು ಕ್ಯಾಮೆರಾ ತೆರೆದಿಟ್ಟರೆ ಚುಕ್ಕಿ ಗೆರೆಯಾಗುತ್ತದೆ. ಕ್ಯಾಮೆರಾವೂ ಅದೇ ವೇಗದಲ್ಲಿ ತಿರುಗಬೇಕು. ಎರಡು ಹಲಗೆಗಳನ್ನು ಒಂದು ಬದಿಗೆ ಕೀಲಿನಿಂದ ಜೋಡಿಸಿ, ಇನ್ನೊಂದು ಬದಿಗೆ ಒಂದು ಉದ್ದನೆಯ ಬೋಲ್ಟ್ ಹಾಕಿ, ಆ ಬೋಲ್ಟನ್ನು ನಿಮಿಷಕ್ಕೆ ಒಂದು ಸುತ್ತಿನಂತೆ ಕೈಯಿಂದ ತಿರುಗಿಸುವ ಉಪಾಯವೊಂದಿತ್ತು. ಅಳತೆಯನ್ನು ಕಾಗದದ ಮೇಲೆ ಬರೆದುಕೊಂಡು ಓಣಿಯ ಬಡಿಗ ಇನಾಯತನ ಹತ್ತಿರ ಹೋದಳು.

ಇನಾಯತ ಕಾಗದವನ್ನು ತಿರುಗಾಮುರುಗಾ ಮಾಡಿ ನೋಡಿದ. "ಅಕ್ಕಾರ, ಇದು ಬಾಗಲಾನೂ ಅಲ್ಲ, ಪೆಟಿಗೀನೂ ಅಲ್ಲ. ಏನ್ರಿ ಇದು?"

"ಮ್ಯಾಲ ಕ್ಯಾಮೆರಾ ಕುಂದ್ರಸಾಕ. ಚುಕ್ಕಿ ಹೋದಂಗ ಇದೂ ಹೋಗಬೇಕು."

"ಚುಕ್ಕಿ ಎಲ್ಲಿಗಿ ಹೋಗ್ತಾವ್ರಿ?"

"ಮುಣಗಾಕ."

ಇನಾಯತ ಇನ್ನೇನೂ ಕೇಳದೆ ಸಾಗವಾನಿ ಹಲಗೆಯಲ್ಲಿ ಮಾಡಿಕೊಟ್ಟ. ಕೂದಲೆಳೆಯಷ್ಟೂ ಅಲುಗದ ಕೀಲು ಹುಡುಕಲು ಅವನೇ ಶಹಾಪುರಕ್ಕೆ ಹೋಗಿ ಬಂದ.

ಮುಂದಿನ ಎರಡು ಧನುರ್ಮಾಸ ಕಲಿಯುವುದರಲ್ಲೇ ಕಳೆದವು. ಕೀಲಿನ ಬದಿಯನ್ನು ಧ್ರುವ ನಕ್ಷತ್ರಕ್ಕೆ ನೇರ ಹಿಡಿಯಬೇಕು. ನಮ್ಮ ಸೀಮೆಯಲ್ಲಿ ಧ್ರುವ ಬಹಳ ಕೆಳಗೆ, ಜಾಲಿಗಿಡದ ತಲೆಗಿಂತ ತುಸು ಮೇಲೆ. ಧೂಳಿದ್ದ ದಿನ ಅದೇ ಕಾಣುವುದಿಲ್ಲ. ಕಾಲುವೆಯ ಕಡೆ ಭತ್ತದ ಗದ್ದೆಗಳಿಂದ ಮಂಜು ಏಳುತ್ತದೆಂದು ಅವಳು ದೊಡ್ಡಿಯ ಮೇಲಿನ ಬದಿಗೆ, ಕುರಿಹಟ್ಟಿಯ ಹಿಂದಿನ ಬಯಲಿಗೆ ಜಾಗ ಬದಲಿಸಿದಳು. ಒಂದೊಂದು ಚಿತ್ರ ಇಪ್ಪತ್ತೈದು ಸೆಕೆಂಡು. ಅಂಥ ನೂರಾರು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸಿದರೆ ಮಸುಕಾದದ್ದು ಕಾಣಿಸಿಕೊಳ್ಳುತ್ತದೆ. ಗುಲಾಬಿ ಕಲೆ ರೆಕ್ಕೆ ಬಿಚ್ಚಿದ ಹಕ್ಕಿಯಂತಾಯಿತು. ಕೃತ್ತಿಕೆಯ ಚುಕ್ಕಿಗಳ ಸುತ್ತ ನೀಲಿ ಹೊಗೆ ಬಂತು. ಕುದುರೆತಲೆ ಮಾತ್ರ ಬರಲಿಲ್ಲ.

"ಮದವಿ ಫೋಟೊದಾಗ ಕತ್ತಲಿ ಬಂದ್ರ ಮಂದಿ ಬೈತಾರ. ನೀ ಕತ್ತಲೀನ ಹುಡುಕ್ಕೊಂತ ಹೊಂಟಿ," ಎಂದು ಬಾಲರಾಜ ನಗುತ್ತಿದ್ದ. ಮುಖಚಿತ್ರಕ್ಕೆ ಬಳಸುವ ತನ್ನ ಒಳ್ಳೆಯ ಲೆನ್ಸನ್ನು ಮಾತ್ರ ಪ್ರತಿ ವರ್ಷ ತಾನೇ ಒರೆಸಿ ಅವಳ ಚೀಲಕ್ಕೆ ಹಾಕುತ್ತಿದ್ದ.

ನಾಲ್ಕನೆಯ ವರ್ಷ ಎಳ್ಳಮಾಸಿಯ ರಾತ್ರಿ ಆಕಾಶ ತೊಳೆದಿಟ್ಟಂತಿತ್ತು. ಗಾಳಿ ಇರಲಿಲ್ಲ. ಕುರಿಹಟ್ಟಿಯ ಮುಂದೆ ಒಂದು ಬಲ್ಬು ಉರಿಯುತ್ತಿತ್ತು. ದೊಡ್ಡಿಯಲ್ಲಿ ಹೊರಗೆ ಇದ್ದ ಬೆಳಕು ಹೆಚ್ಚುಕಡಿಮೆ ಅದೊಂದೇ.

"ಅಣ್ಣ, ಹಟ್ಟಿ ದೀಪ ಆರಸಲೇನು?" ಎಂದು ಸೌಭಾಗ್ಯ ಕೇಳಿದಳು. "ಬ್ಯಾಟರೀನೂ ಹಚ್ಚಬ್ಯಾಡ್ರಿ. ಬೆಳಕು ಬಿದ್ರ ಎಲ್ಲಾ ಕೆಡ್ತೈತಿ."

"ಆರಸು. ನಮಗೇನು, ಮಕ್ಕೊಳ್ಳಾವ್ರು," ಎಂದ ಅಂಬಣ್ಣ.

ಹನ್ನೊಂದರ ಹೊತ್ತಿಗೆ ಅವಳು ಅರವತ್ತೆರಡು ಚಿತ್ರ ತೆಗೆದಿದ್ದಳು. ಮೊಬೈಲಿನ ಗಡಿಯಾರದ ಸದ್ದಿಗೆ ಬೋಲ್ಟ್ ತಿರುಗಿಸುತ್ತ ಕೂತಿದ್ದಾಗ ಹಟ್ಟಿಯಲ್ಲಿ ಕುರಿಗಳು ಗದ್ದಲ ಮಾಡಿದವು. ಆ ಕಡೆ ತೋಳದ ಹೆದರಿಕೆ ಇದೆ. ಅಂಬಣ್ಣ ಎದ್ದು ಬಂದ. ಬಾಗಿಲ ಬಳಿ ದೀಪದ ಗುಂಡಿಗೆ ಕೈ ಹಾಕಿದವನು ತಂಗಿಯ ಮಾತು ನೆನಪಾಗಿ ಕೈ ಹಿಂದೆ ತೆಗೆದ. ಬ್ಯಾಟರಿಯನ್ನೂ ಒಯ್ಯಲಿಲ್ಲ. ಕೈಯಲ್ಲಿ ಬಡಿಗೆ ಹಿಡಿದು ಹಟ್ಟಿಯ ಮುಳ್ಳುಬೇಲಿಯ ಗುಂಟ ನಡೆದ. ಬೇಲಿಯ ಮೂಲೆಯಲ್ಲಿ ಅವನ ಎಡಗಾಲು ಕೊಳಕುಮಂಡಲ ಹಾವಿನ ಮೇಲೆ ಬಿತ್ತು.

ಅವನು ಕೂಗಿದ್ದು ಒಂದೇ ಸಲ. ಸೌಭಾಗ್ಯ ಓಡಿಬಂದು ಬೆಳಕು ಹಚ್ಚಿದಾಗ ಅವನು ನೆಲಕ್ಕೆ ಕೂತು ಪಾದವನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಪಕ್ಕದ ಮನೆಯವನ ಮೋಟಾರ್ ಸೈಕಲ್ಲಿನ ಮೇಲೆ ಅವನನ್ನು ನಡುವೆ ಕೂರಿಸಿಕೊಂಡು ಕಕ್ಕೇರಾದವರೆಗೆ, ಅಲ್ಲಿಂದ ಆಂಬ್ಯುಲೆನ್ಸಿನಲ್ಲಿ ಸುರಪುರಕ್ಕೆ, ಬೆಳಗಿನ ಜಾವ ಕಲಬುರಗಿಗೆ. ಕಾಲು ಮೊಣಕಾಲಿನವರೆಗೆ ಬಾತು ಕಪ್ಪಾಗಿತ್ತು. ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ಬಾಟಲಿಯ ಮೇಲೆ ಬಾಟಲಿ ಏರಿಸಿದರು. ಮೂರು ದಿನ ಮೂತ್ರ ಬರಲಿಲ್ಲ. ನಾಲ್ಕನೆಯ ದಿನ ಬಂತು.

ದವಾಖಾನೆಯ ಪಡಸಾಲೆಯಲ್ಲಿ ಸೌಭಾಗ್ಯ ತಾಯಿಗೆ ಹೇಳಿದಳು. "ಅವ್ವ, ದೀಪ ಆರಸಿದಾಕಿ ನಾನ."

"ಗೊತ್ತೈತಿ," ಎಂದಳು ಮಲಕಮ್ಮ. "ಈಗ ಅದನ್ನ ಹೇಳಿ ಏನ್ ಮಾಡ್ತಿ? ನಿಮ್ಮ ಅತ್ತಿಗಿ ಮುಂಜಾನಿಂದ ಏನೂ ತಿಂದಿಲ್ಲ. ಹೋಗಿ ಏನಾರ ತಗೊಂಬಾ."

ಅಂಬಣ್ಣ ಇಪ್ಪತ್ತು ದಿನ ಅಲ್ಲಿದ್ದ. ಪಾದದ ಮೇಲಿನ ಚರ್ಮ ಕೊಳೆತು ತೊಡೆಯ ಚರ್ಮ ತೆಗೆದು ಹಚ್ಚಬೇಕಾಯಿತು. ಎರಡು ಬೆರಳು ಹೋದವು. ಯುಗಾದಿಯ ಹೊತ್ತಿಗೆ ಬಡಿಗೆ ಊರಿ ನಡೆಯತೊಡಗಿದನಾದರೂ ಕುರಿಯ ಹಿಂದೆ ದಿನವಿಡೀ ತಿರುಗುವುದು ಆಗಲಿಲ್ಲ. ಕುರಿ ಕಾಯಲು ಮಲಕಮ್ಮ ಮತ್ತು ಸೊಸೆ ಸರದಿಯಲ್ಲಿ ಹೋದರು. ಸೌಭಾಗ್ಯ ಹಲಗೆಯ ಸಾಧನವನ್ನು ಗೋಣಿಚೀಲದಲ್ಲಿ ಸುತ್ತಿ ಸ್ಟುಡಿಯೊದ ಅಟ್ಟಕ್ಕೆ ಹಾಕಿದಳು. ಆ ರಾತ್ರಿಯ ಅರವತ್ತೆರಡು ಚಿತ್ರಗಳನ್ನು ತೆರೆದು ನೋಡಲಿಲ್ಲ, ಅಳಿಸಲೂ ಇಲ್ಲ.

ಆ ಬೇಸಿಗೆಯಲ್ಲಿ ದೊಡ್ಡಿಯ ಹನ್ನೊಂದು ಮನೆಯವರೂ ದಾರಿದೀಪಕ್ಕೆ ಕಕ್ಕೇರಾದ ಪುರಸಭೆಗೆ ಅರ್ಜಿ ಹಾಕಿದರು. ಅರ್ಜಿಯ ಜೊತೆ ರಾತ್ರಿಯ ಕತ್ತಲೆ ತೋರಿಸುವ ಸ್ಥಳದ ಫೋಟೊ ಬೇಕಿತ್ತು. ಮನೆಯಲ್ಲೇ ಫೋಟೊದವಳಿರುವಾಗ ಬೇರೆಯವರನ್ನು ಯಾಕೆ ಕರೆಯುವುದು ಎಂದು ಮಲಕಮ್ಮ ಸೌಭಾಗ್ಯಳಿಗೆ ಫೋನ್ ಮಾಡಿದಳು. ಆ ದೀಪ ಬಂದರೆ ಹಟ್ಟಿಯ ಹಿಂದಿನ ಬಯಲು ತನಗೆ ಇನ್ನು ಉಪಯೋಗಕ್ಕಿಲ್ಲ ಎಂಬುದು ಸೌಭಾಗ್ಯಳಿಗೆ ತಿಳಿದಿತ್ತು. ಅವಳು ಮರುದಿನವೇ ಹೋದಳು.

ಕೆಲಸ ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ತನಗೆ ಅಭ್ಯಾಸವಾದಂತೆ ಕ್ಯಾಮೆರಾ ತೆರೆದಿಟ್ಟು ತೆಗೆದಾಗ ದಾರಿ, ಬೇಲಿ, ಮನೆಗಳೆಲ್ಲ ಸಂಜೆಯ ಹೊತ್ತಿನಂತೆ ನಿಚ್ಚಳವಾಗಿ ಬಂದವು. ಕಣ್ಣಿಗೆ ಕಂಡಂತೆಯೇ ಬರಲಿ ಎಂದು ಕಡಿಮೆ ಹೊತ್ತು ತೆರೆದರೆ ಚಿತ್ರ ಬರೀ ಕಪ್ಪು. ಆ ಕಪ್ಪು ಚಿತ್ರವನ್ನೇ ಅರ್ಜಿಯ ಜೊತೆ ಕೊಟ್ಟರು. ಕಚೇರಿಯಲ್ಲಿದ್ದ ಗುಮಾಸ್ತೆ ಅದನ್ನು ಬೆಳಕಿಗೆ ಹಿಡಿದು ನೋಡಿ, "ಇದರಾಗ ಏನ್ ಕಾಣ್ತೈತ್ರಿ?" ಎಂದು ಕೇಳಿದಳು.

"ಏನೂ ಕಾಣಂಗಿಲ್ರಿ. ಅದಕ್ಕ ದೀಪ ಕೇಳಾಕತ್ತೇವ್ರಿ," ಎಂದಳು ಮಲಕಮ್ಮ.

ಗುಮಾಸ್ತೆ ನಕ್ಕಳು. ಆದರೂ ಜಾಗ ಯಾವುದೆಂದು ಗೊತ್ತಾಗುವ ಫೋಟೊ ಬೇಕೇ ಬೇಕೆಂದಳು.

ಸೌಭಾಗ್ಯ ಮತ್ತೆ ಹೋದಳು. ಈ ಸಲ ಅಂಬಣ್ಣನ ಕೈಗೆ ಬ್ಯಾಟರಿ ಕೊಟ್ಟು ಬೇಲಿಯ ಮೂಲೆಯಲ್ಲಿ ನಿಲ್ಲಿಸಿದಳು. ಬೆಳಕನ್ನು ಅವನು ತನ್ನ ಎಡಪಾದದ ಮೇಲೆ ಬಿಟ್ಟುಕೊಂಡ. ಚಿತ್ರದಲ್ಲಿ ಒಂದು ಗೇಣು ನೆಲ, ಎರಡು ಬೆರಳಿಲ್ಲದ ಪಾದ, ಬೇಲಿಯ ಒಂದಿಷ್ಟು ಮುಳ್ಳು ಕಂಡವು. ಉಳಿದದ್ದೆಲ್ಲ ಕತ್ತಲು. ಅದರ ಜೊತೆ ಹಗಲಿನಲ್ಲಿ ತೆಗೆದ ಅದೇ ಜಾಗದ ಫೋಟೊ ಇಟ್ಟು ಕೊಟ್ಟರು. ಶ್ರಾವಣದಲ್ಲಿ ನಾಲ್ಕು ಕಂಬ ಬಂದವು.

ದೀಪ ಹಚ್ಚಿದ ದಿನ ಸೌಭಾಗ್ಯಳೂ ಅಲ್ಲಿದ್ದಳು. ಬಿಳಿ ಬೆಳಕು ಹಟ್ಟಿಯನ್ನು ದಾಟಿ ಬಯಲಿನ ಅರ್ಧದವರೆಗೆ ಬಿದ್ದಿತ್ತು. ಮಕ್ಕಳು ಅದರ ಕೆಳಗೆ ಓಡಾಡಿದರು. ಅಂಬಣ್ಣ ಕಟ್ಟೆಯ ಮೇಲೆ ಕೂತಿದ್ದ. ಅವಳೂ ಹೋಗಿ ಪಕ್ಕದಲ್ಲಿ ಕೂತಳು.

"ಆ ಫೋಟೊ ಮುಗೀತೇನು?" ಎಂದು ಅವನು ಕೇಳಿದ.

"ಯಾವ್ದು?"

"ಅವತ್ತ ತೆಗ್ಯಾಕತ್ತಿದ್ದೆಲ್ಲ."

"ಇಲ್ಲ. ಬಿಟ್ಟೀನಿ."

ಅಂಬಣ್ಣ ಬಡಿಗೆಯನ್ನು ಕಟ್ಟೆಗೆ ಒರಗಿಸಿದ. "ನೀ ಹೇಳಿದ್ದಕ್ಕ ನಾ ಬ್ಯಾಟರಿ ಒಯ್ಯಲಿಲ್ಲ. ಅದು ಖರೆ. ಇಲ್ಲ ಅನ್ನಂಗಿಲ್ಲ. ಆದ್ರ ತೋಳ ಬಂದೈತಂತ ಎದ್ದಾಂವಗ ನಿನ್ನ ಒಂದು ಕೂಗು ಕರೀಬೇಕಂತ ತಿಳೀಬೇಕಿತ್ತು. ಅಲ್ಲೇ ಇದ್ದಿ ನೀನು, ಹತ್ತು ಮಾರಿನ್ಯಾಗ." ಮತ್ತೆ ಹೇಳಿದ, "ಎರಡು ಬೆರಳು ಹೋದುವು. ಏನ್ ಸಲುವಾಗಿ ಹೋದುವು ಅಂತ ಒಮ್ಮಿ ನೋಡಬೇಕು ನಾನು. ಮುಗಸು ಅದನ್ನ."

ಸೌಭಾಗ್ಯಳಿಗೆ ಅಳು ಬಂತು. ಕಲಬುರಗಿಯಲ್ಲೂ ಅವಳು ಅತ್ತಿರಲಿಲ್ಲ. ಅಂಬಣ್ಣ ಅವಳತ್ತ ನೋಡದೆ ಮಕ್ಕಳನ್ನು ಗದರಿಸಿ ಊಟಕ್ಕೆ ಕಳಿಸಿದ.

ಹೊಸ ಜಾಗ ಹುಡುಕಿಕೊಟ್ಟವನೂ ಅವನೇ. ದೊಡ್ಡಿಯಿಂದ ನಾಲ್ಕು ಮೈಲಿ ದೂರದಲ್ಲಿ ಒಂದು ಬೋಳು ಗುಡ್ಡವಿದೆ. ಮಳೆಗಾಲದಲ್ಲಿ ಕುರಿ ತಂಗಿಸುವ ಜಾಗ. ನೆತ್ತಿಯಲ್ಲಿ ಅಗಲವಾದ ಹಾಸುಬಂಡೆ. ಹುಲ್ಲಿಲ್ಲ, ಪೊದೆಯಿಲ್ಲ, ಸುತ್ತ ಎಲ್ಲಿಯೂ ದೀಪವಿಲ್ಲ. ಮರುವರ್ಷದ ಧನುರ್ಮಾಸದಲ್ಲಿ ಬಾಲರಾಜ ಇಬ್ಬರನ್ನೂ ಹಗಲಿನಲ್ಲೇ ಕಾರಿನಲ್ಲಿ ಗುಡ್ಡದ ಬುಡಕ್ಕೆ ಬಿಟ್ಟ. ಅಂಬಣ್ಣ ಬೆಳಕಿರುವಾಗಲೇ ಬಂಡೆಯ ಸುತ್ತ ಬಡಿಗೆಯಿಂದ ತಟ್ಟಿ ನೋಡಿದ. ಸೌಭಾಗ್ಯ ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು, ಅಣ್ಣನಿಗೂ ಒಂದು ಜೊತೆ ತಂದಿದ್ದಳು. ಬ್ಯಾಟರಿಯ ಗಾಜಿಗೆ ಕೆಂಪು ಹಾಳೆ ಅಂಟಿಸಿ ರಾತ್ರಿಯಿಡೀ ಉರಿಸಿಟ್ಟಳು. ಕೆಂಪು ಬೆಳಕು ಚಿತ್ರವನ್ನು ತುಸು ಕೆಡಿಸುತ್ತದೆ; ಕೆಡಿಸಲಿ ಎಂದಳು.

ಎರಡು ರಾತ್ರಿಯಲ್ಲಿ ಮುನ್ನೂರ ನಲವತ್ತು ಚಿತ್ರಗಳಾದವು. ಅವಳ ಬೆರಳು ಚಳಿಗೆ ಸೆಟೆದಾಗ ಅಂಬಣ್ಣ ಬೋಲ್ಟ್ ತಿರುಗಿಸಿದ. ಅವನ ಕೈ ಅವಳದ್ದಕ್ಕಿಂತ ಸ್ಥಿರವಾಗಿತ್ತು.

ಸುರಪುರದ ಹಿಂದಿನ ಕೋಣೆಯಲ್ಲಿ ಎಲ್ಲವನ್ನೂ ಕೂಡಿಸಲು ಮೂರು ದಿನ ಹಿಡಿಯಿತು. ಹಳೆಯ ಅರವತ್ತೆರಡನ್ನೂ ಅವಳು ಸೇರಿಸಿದಳು. ಮೊದಲು ಕಂದು ಮಸುಕು, ಆಮೇಲೆ ಕೆಂಪಿನ ಒಂದು ಪರದೆ, ಅದರ ಅಂಚಿನಲ್ಲಿ ಉಗುರಿನಷ್ಟು ದೊಡ್ಡ ಕಪ್ಪು ಆಕಾರ. ಕತ್ತು ಬಾಗಿತ್ತು, ಮೂತಿ ಸ್ಪಷ್ಟವಾಗಿತ್ತು. ಅವಳು ಬಾಲರಾಜನನ್ನು ಕರೆದು ತೋರಿಸಿದಳು. ಅವನು ಬಹಳ ಹೊತ್ತು ನೋಡಿ, "ನಮ್ಮ ಲೆನ್ಸಿನ್ಯಾಗ ಇದು ಬಂತಾ?" ಎಂದಷ್ಟೇ ಕೇಳಿದ.

ಮುದ್ರಿಸಿದ ಚಿತ್ರವನ್ನು ದೊಡ್ಡಿಗೆ ಒಯ್ದಾಗ ಅಂಬಣ್ಣ ಅದನ್ನು ಮೊಣಕಾಲ ಮೇಲೆ ಇಟ್ಟುಕೊಂಡು ನೋಡಿದ. ಸೌಭಾಗ್ಯ ಬೆರಳಿಟ್ಟು ತೋರಿಸಿದಳು.

"ಕುದುರಿ ಅಲ್ಲ ಇದು," ಎಂದ ಅವನು. "ಟಗರು. ಹಾಯಾಕ ತಲಿ ಬಗ್ಗಿಸಿದ ಟಗರು."

ಮಲಕಮ್ಮನೂ ಟಗರೇ ಎಂದಳು.

ಅಂಬಣ್ಣ ಈಗ ಕುರಿಗಳಲ್ಲಿ ಅರ್ಧ ಮಾರಿ, ಉಳಿದವನ್ನು ದೊಡ್ಡಿಯ ಹತ್ತಿರವೇ ಮೇಯಿಸುತ್ತಾನೆ. ಸೌಭಾಗ್ಯ ಚಳಿಗಾಲದ ಅಮಾವಾಸ್ಯೆಗಳಲ್ಲಿ ಗುಡ್ಡಕ್ಕೆ ಹೋಗುತ್ತಾಳೆ; ಬಿಡುವಿದ್ದರೆ ಬಾಲರಾಜ, ಇಲ್ಲದಿದ್ದರೆ ಅಂಬಣ್ಣ ಜೊತೆಗಿರುತ್ತಾನೆ. ಈ ವರ್ಷ ದಕ್ಷಿಣದ ಅಂಚಿನಲ್ಲಿ ತಡವಾಗಿ ಮೂಡುವ ಒಂದು ದೊಡ್ಡ ನಕ್ಷತ್ರಗುಚ್ಛವನ್ನು ತೆಗೆಯಲು ಹೊರಟಿದ್ದಾಳೆ. ಮೂರು ಅಮಾವಾಸ್ಯೆಗಳಲ್ಲಿ ಎರಡು ಮೋಡಕ್ಕೆ ಹೋದವು.