ತಲೆಯ ಮೇಲೊಂದು ಕೈ

ಬೇಗೂರಿನ ನಮ್ಮ ಚಿಕ್ಕ ಸಭೆಯ ಪಾಸ್ಟರ್ ಸಮಾಧಾನಪ್ಪನವರ ಬಲಗೈಗೆ ಬಿಡುವೆಂಬುದೇ ಇಲ್ಲ. ಭಾನುವಾರ ಆರಾಧನೆ ಮುಗಿದೊಡನೆ ನಾವೆಲ್ಲ ಸಾಲಾಗಿ ನಿಂತು ತಲೆ ಬಾಗಿಸುತ್ತೇವೆ, ಅವರು ಒಂದೊಂದು ತಲೆಯ ಮೇಲೂ ಕೈಯಿಟ್ಟು ಪ್ರಾರ್ಥಿಸುತ್ತಾರೆ. ಮಂಡಿನೋವಿನವರ ತಲೆ, ಪರೀಕ್ಷೆಯವರ ತಲೆ, ಹೊಸ ಸ್ಕೂಟರಿನ ಹೆಡ್‌ಲೈಟು, ಒಮ್ಮೆ ಹಾಲು ಬತ್ತಿದ ನನ್ನ ಎಮ್ಮೆಯ ನೆತ್ತಿ, ಯಾವುದಕ್ಕೂ ಇಲ್ಲವೆಂದವರಲ್ಲ. ದೂರದ ಹರದನಹಳ್ಳಿಯಿಂದ ಫೋನ್ ಬಂದರೂ, "ಬಂದ್ಬುಡ್ತೀನಿ ಕಣಮ್ಮ, ಅಳ್ಬೇಡ" ಎಂದು ಊಟದ ತಟ್ಟೆ ಮುಚ್ಚಿಟ್ಟು ಮೊಪೆಡ್ ಹತ್ತುತ್ತಾರೆ. ಸಭೆಯ ಹಿರಿಯನಾದ ನಾನು ಮಾತ್ರ ವಾರವಾರವೂ ಅವರಲ್ಲಿ ಕೊರತೆ ಹುಡುಕಿದವನು. ಪ್ರಸಂಗ ಉದ್ದವಾಯಿತು, ದನಿ ಹಿಂದಿನ ಬೆಂಚಿಗೆ ಕೇಳಲಿಲ್ಲ. ಹೋದ ಸೋಮವಾರ ಅಂಥದೇ ದೂರು ಹೊತ್ತು ಅವರನ್ನು ಹುಡುಕಿಕೊಂಡು ಬಸ್‌ಸ್ಟ್ಯಾಂಡಿಗೆ ಹೋದೆ. ಅಲ್ಲಿ ಹೂ ಮಾರುವ ಮರಿತಾಯಮ್ಮ, ಬೆಟ್ಟದ ದೇವರು ಮಾದಪ್ಪನ ಒಕ್ಕಲಿನವಳು, ಮೊಮ್ಮಗಳ ಜ್ವರಕ್ಕೆಂದು ಅವರಿಂದ ಪ್ರಾರ್ಥನೆ ಮಾಡಿಸುತ್ತಿದ್ದಳು. ಆಮೆನ್ ಆದಮೇಲೆ ಅವರ ಮುಖವನ್ನೇ ನೋಡಿ, "ಸೊರಗೋಗಿದ್ದೀರಿ ಅಯ್ನೋರೆ. ನಿಮ್ ತಲೆ ಮ್ಯಾಲೆ ಯಾರು ಕೈ ಮಡಗ್ತಾರೆ?" ಎಂದಳು. ಹಾಗೆಂದವಳೇ ಒದ್ದೆ ಕೈಯನ್ನು ಸೆರಗಿಗೆ ಒರೆಸಿ ಅವರ ನೆತ್ತಿಯ ಮೇಲಿಟ್ಟಳು. "ಮಾದಪ್ಪ, ಇವ್ರನ್ನ ಚೆಂದಾಗಿ ಮಡಗಪ್ಪ." ಹನ್ನೊಂದು ವರ್ಷ ನಮ್ಮೆಲ್ಲರ ಕಣ್ಣೊರೆಸಿದ ಮನುಷ್ಯ ಕಲ್ಲುಬೆಂಚಿನ ಮೇಲೆ ಕುಸಿದು ಕುಳಿತು ಅತ್ತರು. ನಾನು ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದೆ, ಪ್ರಸಂಗ ಉದ್ದವಾಯಿತೆಂದು ಹೇಳಲು.